ಮಿಸ್ತ್ರಿಯವರು ಬರೆದುಕೊಟ್ಟ ಕಾರಣ

ಮಿಸ್ತ್ರಿಯವರ ಹಣೆಯಲ್ಲಿ ಅಡ್ಡಕ್ಕೆ ಮೂರು ಆಳವಾದ ಸುಕ್ಕುಗಳಿದ್ದವು. ಮಾನ್ವಿ ಕಡೆಯ ಎರೆಹೊಲ ಬೇಸಿಗೆಯಲ್ಲಿ ಬಿರುಕು ಬಿಡುತ್ತದಲ್ಲ, ಹಾಗೆ. ದಿನವೂ ಸ್ನಾನವಾದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದುಕೊಳ್ಳುತ್ತಿದ್ದರು. ಅದು ಸರಿಯಾಗಿ ಆ ಸುಕ್ಕುಗಳ ಮೇಲೆಯೇ ಕೂರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಲೋಹ ಕಡೆಯುವ ಲೇತಿನ ಮುಂದೆ ಬೆವರಿ, ಟವೆಲಿನಿಂದ ಹತ್ತು ಸಲ ಮುಖ ಒರೆಸಿಕೊಂಡಿರುತ್ತಿದ್ದರು. ಹಣೆಯ ಮೇಲಿನ ವಿಭೂತಿ ಹೋಗಿರುತ್ತಿತ್ತು, ಸುಕ್ಕುಗಳ ಒಳಗಿನದು ಉಳಿದಿರುತ್ತಿತ್ತು. ನಗುವಾಗ ಹುಬ್ಬು ಮೇಲಕ್ಕೆತ್ತುವುದು ಅವರ ರೂಢಿ. ಆಗ ಆ ಸುಕ್ಕುಗಳು ಮಡಚಿಕೊಂಡು ಮೂರು ಬಿಳಿ ದಾರಗಳ ಹಾಗೆ ಕಾಣುತ್ತಿದ್ದವು.

ಮಕ್ಕಳೇ, ಟೀವಿಯಲ್ಲಿ ರಾಕೆಟ್ಟು ಹಾರಿಸುವುದನ್ನು ತೋರಿಸುವಾಗ ಅಜ್ಜಿ ಎದ್ದು ಒಳಗೆ ಹೋಗುತ್ತಾಳೆ ಎಂದು ನೀವು ನಗುತ್ತೀರಿ. ಅಜ್ಜಿಗೆ ಸದ್ದಿನ ಹೆದರಿಕೆ ಎನ್ನುತ್ತೀರಿ. ಹೆದರಿಕೆಯಲ್ಲ. ಬಾಯಿಬಿಟ್ಟು ಹೇಳುವುದು ನನಗೆ ಯಾವತ್ತೂ ಬಂದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ದೇವದುರ್ಗದ ಹತ್ತಿರದ ಜಾಲಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಿಮ್ಮ ಅವ್ವನನ್ನು ಕರೆದುಕೊಂಡು ದೇವದುರ್ಗ ಬಿಟ್ಟು ರಾಯಚೂರಿಗೆ ಬಂದೆ. ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ಮಿಸ್ತ್ರಿಯವರ ವರ್ಕ್‌ಶಾಪಿತ್ತು. ಮೂರು ಲೇತು, ಒಂದು ಡ್ರಿಲ್ಲು, ಕೆಲಸಕ್ಕೆ ಇಬ್ಬರು ಗಂಡಸರು. ಗಿರಣಿಯ ಶಾಫ್ಟು ಸವೆದರೆ, ರೋಲರು ಕೆಟ್ಟರೆ ಅಲ್ಲಿಗೆ ಬರುತ್ತಿತ್ತು. ಬೆಳಿಗ್ಗೆ ಕಸ ಹೊಡೆಯುವುದು, ಚಹಾ ಮಾಡುವುದು, ಲೇತಿನ ಕೆಳಗೆ ಬಿದ್ದ ಲೋಹದ ಚೂರನ್ನು ಆಯ್ದು ಹಿತ್ತಾಳೆ ಬೇರೆ, ಕಬ್ಬಿಣ ಬೇರೆ ಮಾಡುವುದು ನನ್ನ ಕೆಲಸ. ಊರವರೆಲ್ಲ ಅವರನ್ನು ಮಿಸ್ತ್ರಿ ಎಂದೇ ಕರೆಯುತ್ತಿದ್ದರು. ನಾನು ಯಪ್ಪಾ ಎನ್ನುತ್ತಿದ್ದೆ.

ಒಂದು ದಿನ ಚೂರು ಆಯುತ್ತ ಕೂತಿದ್ದೆ. ಅವರು ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ.

"ಅತ್ತಾಗ ಎಲ್ಲೋ ನೋಡಿಕೋತ ಆರಿಸಾಕತ್ತೀಯಲ್ಲಬೇ, ತಪ್ಪಂಗಿಲ್ಲೇನು?"

ನಾನು ಎದ್ದು ನಿಂತೆ. "ಕೈಗಿ ತಿಳೀತದ್ರಿ ಯಪ್ಪಾ."

ಅವರು ಒಳಗೆ ಹೋಗಿ ಎರಡು ಉಕ್ಕಿನ ತುಂಡು ತಂದರು. "ಕಣ್ಣ್ ಮುಚ್ಚು. ಯಾವುದರ ಮಾರಿ ಉಬ್ಬ್ಯಾದ ಹೇಳು."

ಬೆರಳಾಡಿಸಿ ಹೇಳಿದೆ. ಅವರು ಅಳತೆಯ ಸಾಧನ ಹಿಡಿದು ನೋಡಿದರು, ಮತ್ತೊಂದು ಸಲ ನೋಡಿದರು. ಲೇತಿನ ಮೇಲಿದ್ದ ಗಂಡಸರ ಕಡೆ ತಿರುಗಿ, "ನೀವು ದುರ್ಬೀನು ಹಿಡಕೊಂಡು ಹುಡುಕ್ರಲೇ, ಈಕಿ ಮೈಯೆಲ್ಲಾ ಕಣ್ಣ ಅದಾವ" ಎಂದು ಹುಬ್ಬೆತ್ತಿ ನಕ್ಕರು. ಅವತ್ತಿನಿಂದ ನನಗೆ ಸಣ್ಣಪುಟ್ಟ ತಿಕ್ಕುವ ಕೆಲಸ ಕೊಡತೊಡಗಿದರು.

ಬಾಗಿಲಲ್ಲಿ ರಂಗೋಲಿ ಹಾಕುವುದನ್ನೂ ಅವರೇ ನನಗೆ ಹಚ್ಚಿದ್ದು. ನಾನು ಬೇಡ ಎಂದೆ. ಗಂಡ ಸತ್ತವಳು ಅಂಗಡಿಯ ಬಾಗಿಲಲ್ಲಿ ರಂಗೋಲಿ ಹಾಕಿದರೆ ಜನ ಏನನ್ನುತ್ತಾರೆ? ಜನ ಅಂದೇ ಅಂದರು. ಗಿಲ್ಲೆಸುಗೂರಿನ ಕಡೆಯ ಒಬ್ಬ ಗಿರಣಿ ಸಾವ್ಕಾರರು ಮೆಟ್ಟಿಲ ಮೇಲೆ ನಿಂತು ನನಗೆ ಕೇಳುವ ಹಾಗೆಯೇ ಕೇಳಿದರು.

"ಏನ್ ಮಿಸ್ತ್ರಿ, ಬಾಗಿಲಾಗ ಗೆರಿ ಎಳ್ಯಾಕ ಊರಾಗ ಮುತ್ತೈದೇರು ಯಾರೂ ಸಿಗಲಿಲ್ಲೇನು?"

"ಸಿಗತಾರ್ರಿ. ಆದರ ನನಗ ನೆಟ್ಟಗ ಗೆರಿ ಎಳಿಯವರು ಬೇಕಿತ್ತು. ನಿಮ್ಮ ಶಾಫ್ಟ್ ಸೊಟ್ಟಾಗ್ಯಾದ, ಒಳಗ ಬರ್ರಿ, ಅದನ್ನ ಮದ್ಲ ನೋಡಮಿ."

ಸಾವ್ಕಾರರು ಚಪ್ಪಲಿ ಬಿಟ್ಟು, ರಂಗೋಲಿ ತುಳಿಯದೆ ದಾಟಿ ಒಳಗೆ ಬಂದರು.

ಇನ್ನೊಂದು ರೂಢಿ ಅವರದು. ಕೆಲಸ ಮುಗಿದ ಯಾವುದೇ ಸಾಮಾನನ್ನು ಗಿರಾಕಿಯ ಕೈಗೆ ಕೊಡುವ ಮೊದಲು ಹಣೆಗೆ ಒತ್ತಿಕೊಳ್ಳುತ್ತಿದ್ದರು. ಹರೆಯದಲ್ಲಿ ಹೈದರಾಬಾದಿನ ಒಬ್ಬ ಉಸ್ತಾದರ ಕೈಕೆಳಗೆ ಕಲಿತವರು. ಮಾಡಿದ ಕೆಲಸಕ್ಕೆ ಮೊದಲ ಸಲಾಮು ಮಾಡಿದವನದೇ ಇರಬೇಕು ಎಂದು ಆ ಉಸ್ತಾದರು ಕಲಿಸಿದ್ದರಂತೆ. ದೊಡ್ಡ ಶಾಫ್ಟಾದರೆ ತಾವೇ ಬಗ್ಗಿ ಹಣೆ ಮುಟ್ಟಿಸುವರು. ಸಣ್ಣ ಬೋಲ್ಟಾದರೆ ಎತ್ತಿ ಒತ್ತಿಕೊಳ್ಳುವರು. ಮಾತಾಡುತ್ತಲೇ ಇರುವರು, ಕೈ ತಾನೇ ಮೇಲಕ್ಕೆ ಹೋಗಿ ಬರುವುದು. ಗಿರಣಿಯವರು ಅದನ್ನು ನೋಡಿ, "ಮಿಸ್ತ್ರಿ ಹಣಿಗಿ ಹಚ್ಚಿದ್ರು, ಕೆಲಸ ಆತು, ಎತ್ತ್ರಿ" ಎನ್ನುತ್ತಿದ್ದರು.

ನಿಮ್ಮ ಅವ್ವ ಹೈಸ್ಕೂಲಿನಲ್ಲಿದ್ದ ವರ್ಷ ರಾಯಚೂರಿನಲ್ಲಿ ಒಂದು ಸಭೆ ಆಯಿತು. ಸರಕಾರದ ಬಾಹ್ಯಾಕಾಶ ಸಂಸ್ಥೆಯವರು ಸಣ್ಣ ಕಾರಖಾನೆಯವರನ್ನು ಕರೆದಿದ್ದರು. ಉಪಗ್ರಹಕ್ಕೂ ರಾಕೆಟ್ಟಿಗೂ ಬೇಕಾಗುವ ಸಣ್ಣ ಸಣ್ಣ ಭಾಗಗಳನ್ನು ಮೇಜಿನ ಮೇಲೆ ಇಟ್ಟು, ಇವನ್ನು ನೀವು ಮಾಡಬಲ್ಲಿರಾ, ಮಾಡುವುದನ್ನು ನಾವು ಕಲಿಸುತ್ತೇವೆ, ಲೋಹ ನಾವೇ ಕೊಡುತ್ತೇವೆ, ಪರೀಕ್ಷೆಯಲ್ಲಿ ಪಾಸಾದರೆ ಮುಂದೆ ನಿಮ್ಮಿಂದಲೇ ಮಾಡಿಸುತ್ತೇವೆ ಎಂದರಂತೆ. ಮಿಸ್ತ್ರಿಯವರು ನೋಡಿ ಬರೋಣ ಎಂದು ಹೋದವರು. ಎಂಟಾಣೆಯಷ್ಟು ಅಗಲದ ಒಂದು ಉಕ್ಕಿನ ಬಿಲ್ಲೆ ಕೈಗೆತ್ತಿಕೊಂಡು ಉಗುರಿನಿಂದ ಸವರಿ, "ಇದರ ಕಡೀ ಕೆಲಸ ಮಷೀನಿಂದಲ್ಲ, ಯಾರೋ ಕೈಲೆ ತಿಕ್ಕ್ಯಾರ" ಎಂದರಂತೆ. ಅಲ್ಲಿದ್ದ ಅಧಿಕಾರಿ ತಿರುಗಿ ನೋಡಿದರಂತೆ. ಈ ಕಥೆಯನ್ನು ಅವರು ನಮಗೆ ಹತ್ತು ಸಲ ಹೇಳಿದ್ದಾರೆ. ಪ್ರತಿ ಸಲವೂ ಆ ಅಧಿಕಾರಿ ಇನ್ನಷ್ಟು ಬೆರಗಾಗುತ್ತಿದ್ದರು.

ಆ ಅಧಿಕಾರಿ ಒಬ್ಬ ಹೆಣ್ಣುಮಗಳು. ಬೆಂಗಳೂರಿನ ಕಡೆಯ ಮಾತು, ಕತ್ತರಿಸಿದ ಕೂದಲು. ನಮ್ಮ ಓಣಿಗೆ ಜೀಪಿನಲ್ಲಿ ಬಂದಾಗ ಎಲ್ಲ ಗಿರಣಿಯವರೂ ಹೊರಗೆ ಬಂದು ನಿಂತಿದ್ದರು. ಅವರು ನಮ್ಮನ್ನು ಕೂರಿಸಿಕೊಂಡು ಬಿಲ್ಲೆಯ ಕೆಲಸ ಹೇಳಿದರು. ರಾಕೆಟ್ಟಿನೊಳಗೆ ಒಂದು ಕಡೆ ಅನಿಲ ಹೋಗುವ ದಾರಿಯನ್ನು ಮುಚ್ಚಿ ತೆರೆಯುವ ಕವಾಟ ಇರುತ್ತದೆ. ಮುಚ್ಚಿದಾಗ ಅದರ ಬಾಯಿಯ ಮೇಲೆ ಕೂರುವುದು ಈ ಬಿಲ್ಲೆ. ಎರಡರ ನಡುವೆ ಕೂದಲೆಳೆಯೂ ಹೋಗಬಾರದು, ಕೂದಲಿನ ಸಾವಿರದಲ್ಲೊಂದು ಪಾಲೂ ಹೋಗಬಾರದು. "ನಿಮ್ಮ ಗಿರಣಿಯಲ್ಲಿ ಕೆಟ್ಟರೆ ಬಿಚ್ಚಿ ಸರಿಮಾಡ್ತೀರಿ. ಇದು ಮೇಲೆ ಹೋದ ಮೇಲೆ ಯಾರೂ ಏಣಿ ಹಾಕಿ ಹತ್ತಕ್ಕಾಗಲ್ಲ" ಎಂದರು.

ವರ್ಕ್‌ಶಾಪಿನ ಒಂದು ಮೂಲೆಗೆ ಗಾಜಿನ ಕೊಠಡಿ ಎದ್ದಿತು. ಸೋಸಿದ ಗಾಳಿ ಬಿಡುವ ಒಂದು ಪೆಟ್ಟಿಗೆ ಸದಾ ಗುಂಯ್ ಎನ್ನುತ್ತಿತ್ತು. ಒಳಗೆ ಹೋಗುವವರು ಮುಖ, ಕೈ ತೊಳೆದು, ಟೊಪ್ಪಿಗೆ, ಗ್ಲೌಸು ಹಾಕಿಕೊಳ್ಳಬೇಕು. ತಂಬಾಕು ಇಲ್ಲ, ತಲೆಗೆ ಎಣ್ಣೆ ಇಲ್ಲ, ಪೌಡರಿಲ್ಲ, ಬಳೆ ಇಲ್ಲ, ಹೂವಿಲ್ಲ, ಕುಂಕುಮ ಇಲ್ಲ. ಅಧಿಕಾರಿ ಇದನ್ನು ಹೇಳುವಾಗ ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ನನಗೆ ಬಿಡುವುದಕ್ಕೆ ಏನೂ ಇರಲಿಲ್ಲ. ಜೀವನದಲ್ಲಿ ಮೊದಲ ಸಲ ಒಂದು ಜಾಗಕ್ಕೆ ನಾನು ಇದ್ದ ಹಾಗೆಯೇ ಸರಿಹೊಂದಿದ್ದೆ.

ತಿಕ್ಕುವ ಕೆಲಸಕ್ಕೆ ಮಿಸ್ತ್ರಿಯವರು ನನ್ನನ್ನು ಆರಿಸಿದರು. ಗಂಡಸರಲ್ಲಿ ಒಬ್ಬನಿಗೆ ಸಿಟ್ಟು ಬಂತು. "ಕಸ ಹೊಡ್ಯಾಕಿನ್ನ ಆಕಾಶಕ್ಕ ಏರಸ್ತೀರೇನ್ರಿ?" ಎಂದ. "ನೀ ತಿಕ್ಕಿದರ ಬಿಲ್ಲಿ ಆಕಾಶಕ್ಕ ಹೋಗಂಗಿಲ್ಲಲೇ, ಗುಜರಿಗಿ ಹೋಗ್ತದ" ಎಂದರು ಇವರು. ಬೀಡುಕಬ್ಬಿಣದ ಹಲಗೆಯ ಮೇಲೆ ನುಣ್ಣನೆಯ ಪೇಸ್ಟು ಸವರಿ, ಬಿಲ್ಲೆಯನ್ನು ಎರಡು ಬೆರಳಿನಿಂದ ಒತ್ತಿ, ಎಂಟು ಬರೆದ ಹಾಗೆ ಸುತ್ತಿಸುತ್ತ ಹೋಗಬೇಕು. "ಕನ್ನಡದ ಎಂಟಲ್ಲ ಯವ್ವಾ, ಇಂಗ್ಲಿಷ್ ಎಂಟು. ಎಲ್ಲೂ ಕೈ ಎತ್ತಬ್ಯಾಡ." ಒಂದು ಬಿಲ್ಲೆಗೆ ಅರ್ಧ ದಿನ ಹಿಡಿಯುತ್ತಿತ್ತು. ತಿಕ್ಕಿ, ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿ ನಾನು ಅವರ ಮುಂದೆ ಇಡುತ್ತಿದ್ದೆ. ಅವರು ಅದರ ಮೇಲೆ ದಪ್ಪನೆಯ ಗಾಜಿನ ತುಂಡು ಇಟ್ಟು ದೀಪದ ಕೆಳಗೆ ನೋಡುತ್ತಿದ್ದರು. ಗಾಜಿನಲ್ಲಿ ಪಟ್ಟೆ ಪಟ್ಟೆಯಾಗಿ ಗೆರೆಗಳು ಮೂಡುತ್ತವೆ. ಅವು ಬಾಗಿದ್ದರೆ ಬಿಲ್ಲೆ ಸಮ ಇಲ್ಲ, ನೆಟ್ಟಗಿದ್ದರೆ ಸಮ ಇದೆ. ನನ್ನ ಮೊದಲ ಬಿಲ್ಲೆಯ ಗೆರೆಗಳು ನೆಟ್ಟಗೆ ಬಂದ ದಿನ ಅವರು ಗಂಡಸರಿಬ್ಬರನ್ನೂ ಕರೆದು ಒಬ್ಬೊಬ್ಬರಿಗೇ ತೋರಿಸಿದರು.

ಮೊದಲು ಹನ್ನೆರಡು ಬಿಲ್ಲೆ ಮಾಡಿ ಕಳಿಸಬೇಕಿತ್ತು. ಆ ದಿನಗಳಲ್ಲಿ ಅಧಿಕಾರಿ ರಾಯಚೂರಿನಲ್ಲೇ ಉಳಿದು, ಕೊಠಡಿಯೊಳಗೆ ನಮ್ಮ ಪಕ್ಕದಲ್ಲೇ ನಿಂತಿದ್ದರು. ಮಿಸ್ತ್ರಿಯವರು ಪರೀಕ್ಷೆಗೆ ಕೂತ ಹುಡುಗನ ಹಾಗೆ ಬಿಗಿಯಾಗಿದ್ದರು. ಹನ್ನೆರಡೂ ಪಾಸಾದವು. ಕೆಲಸ ಹೇಗೆ ಮಾಡಬೇಕು, ಯಾರು ಮಾಡಬೇಕು ಎಂಬ ಕಾಗದ ಬಂತು. ತಿಕ್ಕುವವರ ಸಾಲಿನಲ್ಲಿ ನನ್ನ ಹೆಸರಿತ್ತು. ರೇಷನ್ ಕಾರ್ಡು ಬಿಟ್ಟರೆ ನನ್ನ ಹೆಸರನ್ನು ಸರಕಾರದ ಕಾಗದದ ಮೇಲೆ ನಾನು ನೋಡಿದ್ದು ಅದೇ ಮೊದಲು. ಇನ್ನು ಎರಡು ಸಲ ಹನ್ನೆರಡು ಹನ್ನೆರಡು ಮಾಡಿ, ಅಧಿಕಾರಿ ಇಲ್ಲದೆಯೂ ಅಷ್ಟೇ ಚೆನ್ನಾಗಿ ಬಂದರೆ ಕೆಲಸ ಕಾಯಂ ಆಗುತ್ತದೆ ಎಂದಿದ್ದರು. ಮಿಸ್ತ್ರಿಯವರು ಆ ಕಾಗದವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದರು. "ಇನ್ನ ಮ್ಯಾಲ ನಮ್ಮ ಓಣಿಗಿ ಬರೇ ಭತ್ತದ ಹೊಟ್ಟಿನ ವಾಸನಿ ಅಲ್ಲಬೇ" ಎನ್ನುತ್ತಿದ್ದರು.

ಎರಡನೆಯ ಸಲ ಕೊಠಡಿಯಲ್ಲಿ ನಾವಿಬ್ಬರೇ. ಬಿಗಿ ಕಡಿಮೆಯಾಗಿತ್ತು. ನಾನು ತಿಕ್ಕಿ ಕೊಡುವುದು, ಅವರು ಗಾಜಿಟ್ಟು ನೋಡಿ ಕವರಿಗೆ ಹಾಕಿ ಮುಚ್ಚುವುದು. ಎರಡನೆಯದೋ ಮೂರನೆಯದೋ ಬಿಲ್ಲೆ, ನೋಡಿ ಮುಗಿಸಿ ಅವರು ಟೊಪ್ಪಿಗೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಸರಿಸಿದರು. ಗ್ಲೌಸಿನ ಕೈ ಮೇಲೆ ಹೋಯಿತು. ಬಿಲ್ಲೆಯನ್ನು ಹಣೆಗೆ ಒತ್ತಿಕೊಂಡರು. ಆಮೇಲೆ ಕವರಿಗೆ ಹಾಕಿದರು. ಮುಂದಿನದಕ್ಕೂ ಹಾಗೆಯೇ. ಬೆಳಿಗ್ಗೆ ಮುಖ ತೊಳೆದೇ ಒಳಗೆ ಬಂದಿದ್ದರು. ಆದರೆ ಆ ಸುಕ್ಕುಗಳ ಒಳಗಿನ ಬಿಳುಪನ್ನು ನೀರು ಯಾವಾಗ ತೆಗೆದೀತು?

ನಾನು ನೋಡಿದೆ. ಮನಸ್ಸಿಗೆ ಏನೋ ಸರಿ ಅನ್ನಿಸಲಿಲ್ಲ. ಆದರೆ ಅಧಿಕಾರಿ ಹೇಳಿದ್ದೆಲ್ಲ ನಮ್ಮಂಥವರಿಗೆ, ಯಜಮಾನರಿಗೆ ಗೊತ್ತಿಲ್ಲದ್ದು ಏನಿದೆ ಎಂದುಕೊಂಡೆ. ಅವರ ಹಣೆಯ ವಿಭೂತಿ ಕೊಳೆ ಎಂದು ಬಾಯಲ್ಲಿ ಆಡುವುದು ನನ್ನಿಂದ ಆಗುತ್ತಿತ್ತೇ? ತಲೆ ತಗ್ಗಿಸಿ ಎಂಟು ಬರೆಯುತ್ತ ಕೂತೆ.

ತಿಂಗಳು ಕಳೆದ ಮೇಲೆ ಅಧಿಕಾರಿಯೇ ಬಂದರು. ಹನ್ನೆರಡರಲ್ಲಿ ನಾಲ್ಕು ಬಿಲ್ಲೆ ಸೋರಿವೆ. ಭೂತಗನ್ನಡಿಯಲ್ಲಿ ನೋಡಿದರೆ ಮೈಮೇಲೆ ಯಾವುದೋ ಬಿಳಿ ಪುಡಿ ಇದೆ. ಅದು ಎಲ್ಲಿಂದ ಬಂತು ಎಂದು ಹುಡುಕಿ ಬರೆದುಕೊಡಬೇಕು, ಆಮೇಲೆ ಇನ್ನೊಂದು ಸಲ ಮಾಡಲು ಅವಕಾಶ ಕೊಡುತ್ತೇವೆ ಎಂದರು. ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಕೇಳಿದರು.

"ಕಾಗದದಲ್ಲಿ ಬರೆದಿಲ್ಲದ ಕೆಲಸ ಏನಾದ್ರೂ ಮಾಡಿದ್ರಾ? ಯಾರನ್ನೂ ಬಯ್ಯೋದಕ್ಕಲ್ಲ ಕೇಳ್ತಿರೋದು. ಕಾರಣ ಗೊತ್ತಾಗ್ಬೇಕು, ಅಷ್ಟೇ. ಅಮ್ಮ, ನೀವು ಒಳಗಿದ್ರಲ್ಲ, ಏನಾದ್ರೂ ನೋಡಿದ್ರಾ?"

"ಏನಿಲ್ರಿ" ಎಂದೆ.

ಅಧಿಕಾರಿ ಹೊರಗೆ ಹೋಗಿ ಒಳಗೆ ಬಂದರು. ಬೂಟಿನ ತುದಿಗೆ ಬಿಳಿ ಹತ್ತಿತ್ತು. ಬಗ್ಗಿ ಅದನ್ನು ಬೆರಳಿಗೆ ತಗೊಂಡು ನೋಡಿದರು. "ಈ ರಂಗೋಲಿ ಯಾರು ಹಾಕ್ತಾರೆ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಮಿಸ್ತ್ರಿಯವರ ಕಡೆ ನೋಡಿದೆ. ಅವರು ಹುಬ್ಬೆತ್ತಿ, ಗಾಬರಿಯಿಂದ ನನ್ನನ್ನೇ ನೋಡುತ್ತಿದ್ದರು. ಮೂರು ಬಿಳಿ ದಾರ. ಆ ಕ್ಷಣದಲ್ಲಿ ನನಗೆ ಪೂರ್ತಿ ತಿಳಿಯಿತು, ಬಿಳಿ ಪುಡಿ ಯಾವುದು, ಎಲ್ಲಿಯದು ಎಂದು. ಹೊರಗೆ ಬಾಗಿಲಲ್ಲಿ ಗಿರಣಿಯವರು ಇಣುಕುತ್ತಿದ್ದರು. ಅಷ್ಟು ಜನರ ನಡುವೆ ಅವರ ಹಣೆಯ ಕಡೆ ಬೆರಳು ತೋರಿಸಬೇಕಿತ್ತು.

"ನಾನ್ರಿ ಹಾಕಾಕಿ" ಎಂದೆ.

"ಹಾಕಿದ ಮೇಲೆ ಕೈ ತೊಳ್ಕೊಂಡೇ ಒಳಗೆ ಹೋಗ್ತೀರಲ್ವಾ?"

ಯಾವತ್ತೂ ತೊಳೆಯದೆ ಹೋದವಳಲ್ಲ. ಉಗುರಿನ ಸಂದಿಯನ್ನೂ ತಿಕ್ಕಿ ತೊಳೆಯುತ್ತಿದ್ದೆ.

"ಒಮ್ಮೊಮ್ಮೆ ಮರ್ತಿರಬೇಕ್ರಿ" ಎಂದೆ.

ಮಿಸ್ತ್ರಿಯವರು, "ಈಕಿ ಮರಿಯಾಕಿ ಅಲ್ರಿ ಮೇಡಮ್ಮಾರ" ಎಂದರು. ನಾನು ಮತ್ತೆ, "ಇಲ್ರಿ ಯಪ್ಪಾ, ನಂದೇ ಅದ" ಎಂದೆ. ಎಂದೂ ಎದುರು ಮಾತಾಡದವಳು ಅವತ್ತು ಎದುರು ಮಾತಾಡಿದ್ದೆ. ಅಧಿಕಾರಿಗೆ ಕೊಡುವ ಕಾಗದದಲ್ಲಿ ಮಿಸ್ತ್ರಿಯವರು ಕಾರಣ ಎಂಬ ಜಾಗಕ್ಕೆ ರಂಗೋಲಿ ಪುಡಿ ಎಂದೂ, ಅದರ ಮುಂದೆ ನನ್ನ ಹೆಸರನ್ನೂ ಬರೆದರು. ಬಾಗಿಲಿನ ರಂಗೋಲಿ ನಿಂತಿತು. ಅವರು ನನಗೆ ಒಂದು ಮಾತೂ ಬಯ್ಯಲಿಲ್ಲ. ಲೇತಿನವನು ಮಾತ್ರ, "ನಿನ್ನ ರಂಗೋಲಿ ಚಂದ್ರನ ಬಾಗಿಲ ತನಕ ಹೋಗಿ ಬಂತಲ್ಲಬೇ" ಎಂದು ದಿನಾ ಚುಚ್ಚುತ್ತಿದ್ದ.

ಮೂರನೆಯ ಹನ್ನೆರಡನ್ನು ತಿಕ್ಕುವಾಗ ನಾನು ಗಟ್ಟಿ ಮನಸ್ಸು ಮಾಡಿದ್ದೆ. ಹೇಳಲಾರೆ, ಆದರೆ ಹೇಗಾದರೂ ತಪ್ಪಿಸುತ್ತೇನೆ ಎಂದುಕೊಂಡಿದ್ದೆ.

"ಯಪ್ಪಾ, ಇನ್ನೊಂದ್ಸಲ ಮಾರಿ ತೊಳಕೋರಿ, ಸೆಕಿ ಭಾಳ ಅದ."

"ಈಗ ತೊಳದು ಬಂದೀನಲ್ಲಬೇ."

ಅವರು ಗಾಜಿಟ್ಟು ನೋಡಿ ಮುಗಿಸುವಷ್ಟರಲ್ಲಿ ನಾನು ಕವರಿನ ಬಾಯಿ ತೆರೆದು ಹಿಡಿದು ಮುಂದೆ ಚಾಚಿದೆ. "ಹಾಕ್ರಿ ಯಪ್ಪಾ."

"ತಡಿಬೇ, ರೈಲ್ ತಪ್ಪತದೇನು?" ಎಂದು ನಕ್ಕರು. ನಗುನಗುತ್ತಲೇ ಟೊಪ್ಪಿಗೆ ಹಿಂದಕ್ಕೆ ಹೋಯಿತು, ಕೈ ಮೇಲಕ್ಕೆ ಹೋಯಿತು. ನನ್ನ ಕೈಯಲ್ಲಿ ಕವರು ತೆರೆದೇ ಇತ್ತು. ಒಂದು ಬಿಲ್ಲೆಗೆ ಹೀಗಾಯಿತು, ಎರಡಕ್ಕಾಯಿತು. ಹನ್ನೆರಡಕ್ಕೂ ಆಯಿತು. ನನ್ನ ಕಣ್ಣಿನ ಮುಂದೆ, ಒಂದು ಮೊಳ ದೂರದಲ್ಲಿ. ಈಗ ನೀವು ಕೇಳಬಹುದು, ಒಂದು ಮಾತು ಹೇಳಲಿಕ್ಕೆ ಅಷ್ಟೇಕೆ ಕಷ್ಟ ಎಂದು. ಮೊದಲು ಒಂದು ಸುಳ್ಳು ಹೇಳಿದ್ದೆನಲ್ಲ, ಈಗ ಇದನ್ನು ಹೇಳಿದರೆ ಅದೂ ಹೊರಗೆ ಬರುತ್ತಿತ್ತು.

ಈ ಸಲ ಅಧಿಕಾರಿ ಬರಲಿಲ್ಲ, ಕಾಗದ ಬಂತು. ಐದು ಬಿಲ್ಲೆ ಸೋರಿವೆ, ಅದೇ ಬಿಳಿ ಪುಡಿ ಇದೆ. ನೀವು ಬರೆದುಕೊಟ್ಟ ಕಾರಣ ನಿಜವಾದ ಕಾರಣವಲ್ಲ. ಕಾರಣ ಗೊತ್ತಿಲ್ಲದ ಕಡೆ ಈ ಕೆಲಸ ಮುಂದುವರಿಸಲು ಬರುವುದಿಲ್ಲ. ಒಪ್ಪಂದ ಇಲ್ಲಿಗೆ ಮುಗಿಯಿತು.

ಮಿಸ್ತ್ರಿಯವರು ಅದನ್ನು ಓದಿ, ಗಾಜಿನ ಕೊಠಡಿಯೊಳಗೆ ಹೋಗಿ ಸ್ಟೂಲಿನ ಮೇಲೆ ಕೂತರು. ಮುಖ ತೊಳೆಯಲಿಲ್ಲ, ಗ್ಲೌಸು ಹಾಕಲಿಲ್ಲ. ಚಹಾ ಒಯ್ದು ಇಟ್ಟೆ. ಆ ಕೊಠಡಿಯೊಳಗೆ ಚಹಾ ಹೋಗಿದ್ದು ಅದೇ ಮೊದಲು.

"ನೀರಾಗಿಂದ ಬಂದಿರಬೇಕು" ಎಂದರು, ನನಗಲ್ಲ, ಗೋಡೆಗೆ. "ಇಲ್ಲಾಂದ್ರ ಗಾಳಿ ಪೆಟಗಿ. ಇಲ್ಲಾಂದ್ರ ನನ್ನ ಅದೃಷ್ಟ."

"ಯಪ್ಪಾ" ಎಂದೆ. "ನಿಮ್ಮ ಹಣಿದ್ರಿ."

ಅವರಿಗೆ ತಿಳಿಯಲಿಲ್ಲ.

"ನೋಡಿದ ಮ್ಯಾಲ ನೀವು ಬಿಲ್ಲಿ ಹಣಿಗಿ ಹಚ್ಚತಿದ್ರಿ. ವಿಭೂತಿ ಹತ್ತತಿತ್ತು."

"ಇದರಾಗ? ಈ ಖೋಲ್ಯಾಗ? ನಾ ಹಚ್ಚತಿದ್ನೇನು?"

ಅವರ ಮುಖ ನೋಡಿ ನನಗೆ ಗೊತ್ತಾಯಿತು. ಅವರಿಗೆ ಗೊತ್ತೇ ಇರಲಿಲ್ಲ. ನಾನು ಇಷ್ಟು ದಿನ, ಅವರಿಗೆ ಗೊತ್ತಿದ್ದೂ ಮಾಡುತ್ತಾರೆ, ಅವರ ನಂಬಿಕೆಗೆ ನಾನು ಹೇಗೆ ಅಡ್ಡ ಬರಲಿ ಎಂದು ಬಾಯಿ ಮುಚ್ಚಿದ್ದೆ. ಅವರು ಬಲಗೈಯನ್ನು ಮುಂದೆ ಹಿಡಿದು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದರು.

"ಎಲ್ಲಾಕ್ಕೂ ಹಚ್ಚೀನೇನು?"

"ಮೇಡಮ್ಮಾರು ಇದ್ದಾಗ ಇಲ್ರಿ. ಆಮ್ಯಾಲ ಎಲ್ಲಾಕ್ಕೂ."

"ಅಂದ್ರ ರಂಗೋಲಿ?"

"ನಾ ಕೈ ತೊಳಕೊಂಡೇ ಬರತಿದ್ದೆರಿ."

"ಮತ್ತ ಯಾಕ ಹಂಗಂದಿ?"

"ಅಷ್ಟು ಮಂದ್ಯಾಗ ನಿಮ್ಮ ಹಣಿ ಕಡಿ ಬಟ್ಟ ಮಾಡಿ ಹ್ಯಾಂಗ ತೋರಸಲ್ರಿ?"

ಚಹಾದ ಮೇಲೆ ಕೆನೆ ಕಟ್ಟಿತು. ಸಿಟ್ಟಾಗಲಿ, ನಾಲ್ಕು ಮಾತು ಬಯ್ಯಲಿ ಎಂದು ಕಾದೆ. ಬಯ್ದಿದ್ದರೆ ನನಗೆ ಈಗ ಇಷ್ಟು ಭಾರ ಇರುತ್ತಿರಲಿಲ್ಲ. ಕೊನೆಗೆ ಅವರೆಂದರು, "ನನಗ ಮಾನ ಬೇಕಾಗಿರಲಿಲ್ಲ ಯವ್ವಾ. ಬಿಲ್ಲಿ ಸೋರಬಾರದಿತ್ತು, ಅಷ್ಟ."

ಸ್ವಲ್ಪ ಹೊತ್ತಿನ ಮೇಲೆ ಎದ್ದು, "ನಾಳಿಯಿಂದ ಬಾಗಿಲಾಗ ರಂಗೋಲಿ ಹಾಕು" ಎಂದು ಹೊರಗೆ ಹೋದರು.

ಎರಡು ದಿನ ಕೂತು ಒಂದು ಕಾಗದ ಬರೆದರು. ಬರೆದು ಹರಿದು, ಮತ್ತೆ ಬರೆದು, ತಾವೇ ಅಂಚೆ ಕಚೇರಿಗೆ ಹೋಗಿ ಹಾಕಿ ಬಂದರು. ನನಗೆ ತೋರಿಸಲಿಲ್ಲ, ನಾನು ಕೇಳಲಿಲ್ಲ. ಕೆಲವು ವಾರಗಳ ಮೇಲೆ ಅಧಿಕಾರಿಯ ಫೋನು ಬಂತು. ಮಿಸ್ತ್ರಿಯವರಿಗೆ ಕಿವಿ ಮಂದ, ಅದಕ್ಕೆ ಫೋನಿನ ಮಾತು ಸದಾ ಹೊರಗೆ ಕೇಳುವ ಹಾಗೆ ಇಟ್ಟುಕೊಳ್ಳುತ್ತಿದ್ದರು.

"ನೀವು ಬರೆದಿದ್ದನ್ನ ನಮ್ಮಲ್ಲಿ ಎಲ್ಲರಿಗೂ ಓದಿಸಿದೀನಿ. ಹೀಗೆ ತಾವಾಗಿ ಬರೆದುಕೊಡೋರು ಯಾರೂ ಇಲ್ಲ. ಆದ್ರೆ ಅಷ್ಟರಲ್ಲಿ ಕೆಲಸ ಬೇರೆ ಊರಿನೋರಿಗೆ ಹೋಗಿಬಿಟ್ಟಿದೆ. ಒಂದು ತಿಂಗಳು ಮೊದಲು ಈ ಕಾಗದ ಬಂದಿದ್ರೆ ನಾನು ಹೋರಾಡ್ತಿದ್ದೆ. ಈಗ ನನ್ನ ಕೈಯಲ್ಲಿ ಏನೂ ಇಲ್ಲ."

"ಇರಲಿ ಬಿಡ್ರಿ. ಆ ಊರವರ ಹಣಿ ಒಂದೀಟು ನೋಡ್ಕೋರಿ" ಎಂದರು ಮಿಸ್ತ್ರಿಯವರು.

ಒಂದು ತಿಂಗಳು ಮೊದಲು. ಒಂದು ತಿಂಗಳು ಮೊದಲು ನಾನು ಕವರು ತೆರೆದು ಹಿಡಿದು ಸುಮ್ಮನೆ ಕೂತಿದ್ದೆ.

ಆಮೇಲೆ ಮತ್ತೆ ಗಿರಣಿಯ ಶಾಫ್ಟು, ರೋಲರು. ಗಾಜಿನ ಕೊಠಡಿಯಲ್ಲಿ ಹಳೆಯ ಬೆಲ್ಟುಗಳನ್ನು ಪೇರಿಸಿಟ್ಟರು. ಅವರು ತಮ್ಮ ಕೈಯನ್ನು ತಾವೇ ಕಾಯತೊಡಗಿದರು. ಕೆಲಸ ಮುಗಿದ ಸಾಮಾನು ಎತ್ತಿದಾಗ ಕೈ ಅರ್ಧ ಮೇಲೆ ಹೋಗಿ ನಿಲ್ಲುತ್ತಿತ್ತು. ಗಿರಾಕಿಗಳು ಕಾದು ನಿಂತು, "ಹಣಿಗಿ ಹಚ್ಚಲಿಲ್ಲಲ್ರಿ, ಇನ್ನಾ ಕೆಲಸ ಅದ ಏನು?" ಎನ್ನುತ್ತಿದ್ದರು. "ಆಗ್ಯಾದ, ಒಯ್ರಿ" ಎಂದು ಇವರು ಬೇರೆ ಕಡೆ ನೋಡುತ್ತಿದ್ದರು. ಅದೊಂದು ನೋಟವನ್ನು ನೋಡಲಾರದೆ ನಾನು ಆ ಹೊತ್ತಿಗೆ ಚಹಾದ ಪಾತ್ರೆ ತೊಳೆಯಲು ಹೋಗುತ್ತಿದ್ದೆ.

ಸಕ್ಕರೆ ಕಾಯಿಲೆ ಅವರ ಕಾಲಿಗೆ ಬಂದ ಮೇಲೆ ವರ್ಕ್‌ಶಾಪು ಮುಚ್ಚಿ ಮಾನ್ವಿಗೆ ಹೋದರು. ಒಮ್ಮೆ ನೋಡಲು ಹೋಗಿದ್ದೆ. ಮಂಚದ ಮೇಲೆ ಸಣ್ಣಗಾಗಿದ್ದರು. ನಿಮ್ಮ ಅವ್ವ ಟೀಚರ್ ಆದಳು ಎಂದು ಹೇಳಿದೆ. "ಆಕಿಗಿ ಹೇಳು, ಹುಡುಗರನ್ನ ಬಾಯಿ ಬಿಟ್ಟು ಮಾತಾಡಾಕ ಕಲಸು ಅಂತ" ಎಂದರು. ನಾನು ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಮನೆಯ ತುಂಬ ಜನ ಇದ್ದರು. ಕಾಲು ಮುಟ್ಟಿ ಎದ್ದು ಬಂದೆ. ಮುಂದಿನ ಅಮಾವಾಸ್ಯೆಯೊಳಗೆ ಅವರು ಹೋಗಿಬಿಟ್ಟರು.

ಮಣ್ಣಿಗೆ ಹೋದಾಗ ಗುಂಪಿನ ಹಿಂದೆ ನಿಂತಿದ್ದೆ. ನನ್ನ ಮುಂದೆ ನಿಂತ ಇಬ್ಬರು ಮಾತಾಡುತ್ತಿದ್ದರು. "ದೊಡ್ಡ ಸರಕಾರಿ ಕೆಲಸ ಹಿಡದಿದ್ದ. ಯಾವಕಿನೋ ಕೆಲಸದಾಕಿ ರಂಗೋಲಿ ಪುಡಿ ಬೀಳಿಸಿ ಕೆಡಸಿದಳಂತ." ನಾನು ಸೆರಗು ಎಳೆದುಕೊಂಡೆ.

ಕ್ರಿಯಾಕರ್ಮ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಕರೆಸಿ ಒಂದು ಫೈಲು ಕೊಟ್ಟರು. "ಇದರಾಗ ನಿನ್ನ ಹೆಸರದ ಅಂತ. ನಿನಗ ಕೊಡು ಅಂದಿದ್ರು." ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಕಂಬಕ್ಕೆ ಒರಗಿ ನಿಂತು ತೆರೆದೆ. ಒಳಗೆ ಅವರು ಅಂಚೆಗೆ ಹಾಕಿದ್ದ ಕಾಗದದ ಜೆರಾಕ್ಸು ಇತ್ತು. ಓದಿ ಓದಿ ನನಗೆ ಅದು ಬಾಯಿಪಾಠವಾಗಿದೆ.

"ಹಿಂದೆ ನಾವು ಬರೆದುಕೊಟ್ಟ ಕಾರಣ ತಪ್ಪು. ಬಿಲ್ಲೆಗಳನ್ನು ನಾನು ರೂಢಿಯ ಬಲದಿಂದ ಹಣೆಗೆ ಒತ್ತಿಕೊಳ್ಳುತ್ತಿದ್ದೆ. ನನ್ನ ಹಣೆಯ ವಿಭೂತಿ ಅವಕ್ಕೆ ಹತ್ತಿದೆ. ಕೊಠಡಿಯ ಗಾಜಿನಲ್ಲಿ ನನ್ನನ್ನು ನಾನೇ ನೋಡಿಕೊಂಡಾಗ ಇದು ತಿಳಿಯಿತು. ತಿಕ್ಕುವ ಕೆಲಸದ ಹೆಣ್ಣುಮಗಳಿಗೆ ಇದು ಗೊತ್ತಿರಲಿಲ್ಲ. ತಾವು ಕೇಳಿದಾಗ ಹೆದರಿ, ತನ್ನ ತಪ್ಪಿರಬೇಕೆಂದು ಹೇಳಿದ್ದಾಳೆ. ದಯವಿಟ್ಟು ಆಕೆಯ ಹೆಸರನ್ನು ಕಾರಣದ ಜಾಗದಿಂದ ತೆಗೆಯಬೇಕು. ಆಕೆಯ ಕೈಯಂಥ ಕೈ ನಾನು ನೋಡಿಲ್ಲ. ಈ ಕೆಲಸ ಮುಂದೆ ಯಾರಿಗೆ ಕೊಟ್ಟರೂ ಆಕೆಯನ್ನು ತೆಗೆದುಕೊಳ್ಳಲು ಹೇಳಬೇಕೆಂದು ವಿನಂತಿ."

ಅವರು ಯಾವ ಗಾಜಿನಲ್ಲೂ ನೋಡಿಕೊಂಡಿರಲಿಲ್ಲ. ಆ ಅಧಿಕಾರಿ ಈಗ ಎಲ್ಲಿದ್ದಾರೋ, ನಿಜವನ್ನು ಯಾರಿಗೆ ಬರೆದರೆ ಅದು ಅವರಿಗೆ ಮುಟ್ಟುತ್ತದೋ ನನಗೆ ತಿಳಿಯದು. ದೊಡ್ಡ ಕಚೇರಿಯ ಬಾಗಿಲಲ್ಲಿ ನಿಂತು ಹೇಳುವ ಬಾಯಿಯೂ ನನಗಿಲ್ಲ. ಆ ಕಾಗದ ಎಲ್ಲೋ ಒಂದು ಕಪಾಟಿನಲ್ಲಿ ಹಾಗೆಯೇ ಇದೆ. ಅದರಲ್ಲಿ ನನಗೆ ಗೊತ್ತಿರಲಿಲ್ಲ ಎಂದು ಬರೆದಿದೆ.

ಗೊತ್ತಿತ್ತು ಮಕ್ಕಳೇ. ನನಗೆ ಗೊತ್ತಿತ್ತು.